ಮೊದಲ ಬಾರಿಗೆ ವಿದ್ಯುತ್ ಚಾಲಿತ ಕಾರು ಖರೀದಿಸುವವರಿಗೆ ಮಾಹಿತಿ: ಚಾರ್ಜಿಂಗ್ ವ್ಯವಸ್ಥೆ ಹಾಗೂ ಟೈರುಗಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ವಾಸಿಸುವ, ಪ್ರಥಮ ಬಾರಿಗೆ ವಿದ್ಯುತ್ ಚಾಲಿತ ಕಾರನ್ನು ಖರೀದಿಸಲು ಉದ್ದೇಶಿಸಿರುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಶ್ನೋತ್ತರ ರೂಪದಲ್ಲಿ ಒದಗಿಸಲಾಗಿದೆ. ಸರಸಂಬಾದಂತಹ ಗಡಿಭಾಗದ ಗ್ರಾಮಗಳಲ್ಲಿ ವಾಸಿಸುವವರ ಅಗತ್ಯಗಳು ಬೆಂಗಳೂರಿನ ವಾಹನ ಮಾಲೀಕರ ಅಗತ್ಯಗಳಿಗಿಂತ ಭಿನ್ನವಾಗಿರುತ್ತವೆ. ಇಲ್ಲಿ ಮನೆಯ ವಿದ್ಯುತ್ ಸಂಪರ್ಕವೇ ಮುಖ್ಯ ಚಾರ್ಜಿಂಗ್ ಕೇಂದ್ರವಾಗಿರುತ್ತದೆ. ಆದ್ದರಿಂದ ಕಾರಿಗೆ ಮುಂಗಡ ಹಣ ಪಾವತಿಸುವುದಕ್ಕೆ ಮೊದಲೇ ಮನೆಯ ವಿದ್ಯುತ್ ಸ್ಥಾವರವನ್ನು ಪರಿಶೀಲಿಸಿಕೊಳ್ಳುವುದು ಅವಶ್ಯಕ.

ಹಿನ್ನೆಲೆ

ಭಾರತದಲ್ಲಿ ವಿದ್ಯುತ್ ಕಾರು ಸಾಮಾನ್ಯ ಗ್ರಾಹಕರಿಗೆ ಪರಿಚಯವಾದದ್ದು ಕರ್ನಾಟಕದಿಂದಲೇ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಸೀಸ-ಆಮ್ಲ ಬ್ಯಾಟರಿ ಹೊಂದಿದ್ದ ಆ ಚಿಕ್ಕ ಕಾರನ್ನು ಮನೆಯ 15 ಆಂಪಿಯರ್ ಸಾಕೆಟ್‌ನಿಂದಲೇ ಚಾರ್ಜ್ ಮಾಡಲಾಗುತ್ತಿತ್ತು. 2017ರಲ್ಲಿ ಕರ್ನಾಟಕ ಸರ್ಕಾರವು ದೇಶದಲ್ಲಿ ಮೊದಲನೆಯದಾಗಿ ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹಣಾ ನೀತಿಯನ್ನು ಪ್ರಕಟಿಸಿತು. ಈಗಿನ ಕಾರುಗಳು ಲಿಥಿಯಂ ಬ್ಯಾಟರಿಗಳನ್ನು ಹೊಂದಿದ್ದು, ಅವುಗಳ ಸಾಮರ್ಥ್ಯ ಹೆಚ್ಚು, ತೂಕವೂ ಹೆಚ್ಚು. ಚಾರ್ಜಿಂಗ್ ಹಾಗೂ ಟೈರುಗಳಿಗೆ ಸಂಬಂಧಿಸಿದ ಬಹುತೇಕ ಪ್ರಶ್ನೆಗಳು ಈ ಎರಡು ಸಂಗತಿಗಳಿಂದಲೇ ಉಂಟಾಗುತ್ತವೆ.

ಭಾಗ 1: ಚಾರ್ಜಿಂಗ್

ಪ್ರಶ್ನೆ 1: ತಯಾರಕರು ಪ್ರಕಟಿಸಿದಷ್ಟು ದೂರ ಕಾರು ಚಲಿಸುವುದೇ?

ಸಾಮಾನ್ಯವಾಗಿ ಇಲ್ಲ. ಪ್ರಕಟಿತ ಅಂತರವು ಪ್ರಯೋಗಾಲಯದ ನಿಗದಿತ ಸ್ಥಿತಿಯಲ್ಲಿ ಅಳೆದದ್ದಾಗಿರುತ್ತದೆ. ಹೆದ್ದಾರಿಯ ವೇಗ, ಹವಾನಿಯಂತ್ರಣದ ಬಳಕೆ, ಪ್ರಯಾಣಿಕರ ಹಾಗೂ ಸಾಮಾನಿನ ತೂಕ ಇವೆಲ್ಲವೂ ಅಂತರವನ್ನು ಕಡಿಮೆ ಮಾಡುತ್ತವೆ. ಪ್ರಕಟಿತ ಅಂತರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯದಿರುವುದು ಸೂಕ್ತ. ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಈ ಭಾಗದ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಆ ಅವಧಿಗೆ ಇನ್ನೂ ಕಡಿಮೆ ಅಂದಾಜು ಇಟ್ಟುಕೊಳ್ಳುವುದು ಒಳಿತು.

ಪ್ರಶ್ನೆ 2: ಮನೆಯಲ್ಲಿ ಚಾರ್ಜ್ ಮಾಡಲು ಯಾವ ಯಾವ ವಿಧಾನಗಳಿವೆ?

ಮನೆಗಳಲ್ಲಿ ಎರಡು ವಿಧಾನಗಳು ಬಳಕೆಯಲ್ಲಿವೆ.

(ಅ) ಮೂರು ಪಿನ್ನಿನ 15 ಅಥವಾ 16 ಆಂಪಿಯರ್ ಸಾಕೆಟ್: ಕಾರಿನೊಂದಿಗೆ ಬರುವ ಕೇಬಲ್ ಅನ್ನು ಇದಕ್ಕೆ ಜೋಡಿಸಬಹುದು. ಇದರಿಂದ ಸುಮಾರು 3 ಕಿಲೋವ್ಯಾಟ್ ದರದಲ್ಲಿ ವಿದ್ಯುತ್ ದೊರೆಯುತ್ತದೆ.

(ಆ) ಗೋಡೆಗೆ ಅಳವಡಿಸುವ ಚಾರ್ಜರ್: ಸಿಂಗಲ್ ಫೇಸ್ ಸಂಪರ್ಕದಲ್ಲಿ ಸಾಮಾನ್ಯವಾಗಿ 7.2 ಕಿಲೋವ್ಯಾಟ್ ವರೆಗೆ ದೊರೆಯುತ್ತದೆ. ಇದಕ್ಕೆ 32 ಆಂಪಿಯರ್ ಸಾಮರ್ಥ್ಯದ ಪ್ರತ್ಯೇಕ ವೈರಿಂಗ್ ಅವಶ್ಯಕ. ಕಾರಿನೊಳಗಿನ ಚಾರ್ಜರ್‌ನ ಸಾಮರ್ಥ್ಯ ಕಡಿಮೆ ಇದ್ದಲ್ಲಿ ಗೋಡೆಯ ಚಾರ್ಜರ್ ಎಷ್ಟೇ ದೊಡ್ಡದಿದ್ದರೂ ವೇಗ ಹೆಚ್ಚುವುದಿಲ್ಲ. ಆದ್ದರಿಂದ ಕಾರಿನ ಸಾಮರ್ಥ್ಯವನ್ನು ಮೊದಲು ವಿಚಾರಿಸುವುದು.

ಉದಾಹರಣೆಗೆ, 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಶೇ. 20ರಿಂದ ಪೂರ್ಣಗೊಳಿಸಲು 24 ಯೂನಿಟ್ ಬೇಕು. ಚಾರ್ಜಿಂಗ್ ವೇಳೆಯ ನಷ್ಟವೂ ಸೇರಿದಂತೆ ಸಾಕೆಟ್‌ನಿಂದ ಸುಮಾರು 9 ಗಂಟೆ, 7.2 ಕಿಲೋವ್ಯಾಟ್ ಚಾರ್ಜರ್‌ನಿಂದ ಸುಮಾರು 4 ಗಂಟೆ ಹಿಡಿಯುತ್ತದೆ. ಪ್ರತಿದಿನ ಆಳಂದದಿಂದ ಕಲಬುರಗಿಗೆ ಹೋಗಿ ಬರುವವರಿಗೆ ಎರಡೂ ಕಡೆ ಸೇರಿ ಸುಮಾರು 80 ಕಿ.ಮೀ. ಆಗುತ್ತದೆ. ಒಂದು ಯೂನಿಟ್‌ಗೆ 7 ಕಿ.ಮೀ. ಎಂದು ಹಿಡಿದರೆ, ನಷ್ಟವೂ ಸೇರಿ ದಿನಕ್ಕೆ ಸುಮಾರು 13 ಯೂನಿಟ್ ಸಾಕಾಗುತ್ತದೆ. ಇದನ್ನು ಸಾಮಾನ್ಯ ಸಾಕೆಟ್‌ನಿಂದ ರಾತ್ರಿ 4ರಿಂದ 5 ಗಂಟೆಗಳಲ್ಲಿ ತುಂಬಿಸಬಹುದು. ಆದ್ದರಿಂದ ಎಲ್ಲರಿಗೂ ದೊಡ್ಡ ಚಾರ್ಜರ್ ಅವಶ್ಯಕವೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ 3: ಈಗಿರುವ ಮನೆಯ ವಿದ್ಯುತ್ ಸಂಪರ್ಕವೇ ಸಾಕೇ? ಅರ್ಜಿ ಸಲ್ಲಿಸಬೇಕೇ?

ವಾಹನ ಚಾರ್ಜ್ ಮಾಡಲು ಯಾವುದೇ ಪರವಾನಗಿ ಅವಶ್ಯವಿಲ್ಲವೆಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರಲ್ಲಿಯೇ ಸ್ಪಷ್ಟಪಡಿಸಿದೆ. ಮನೆಯ ಮಾಲೀಕರು ತಮ್ಮ ಈಗಿನ ಸಂಪರ್ಕದಿಂದಲೇ ಸ್ವಂತ ವಾಹನವನ್ನು ಚಾರ್ಜ್ ಮಾಡಿಕೊಳ್ಳಬಹುದು. ಆದರೆ ಮಂಜೂರಾದ ವಿದ್ಯುತ್ ಹೊರೆಯನ್ನು ಮೀರುವಂತಿಲ್ಲ. ಗ್ರಾಮೀಣ ಪ್ರದೇಶದ ಅನೇಕ ಮನೆಗಳು ಕೇವಲ ದೀಪ, ಫ್ಯಾನು ಹಾಗೂ ದೂರದರ್ಶನಕ್ಕೆ ಸಾಕಾಗುವಷ್ಟು ಹೊರೆಗೆ ಮಂಜೂರಾತಿ ಪಡೆದಿರುತ್ತವೆ. ಬಿಲ್ಲಿನಲ್ಲಿ ಮಂಜೂರಾದ ಹೊರೆಯನ್ನು ನಮೂದಿಸಲಾಗಿರುತ್ತದೆ. ಅದು 1 ಕಿಲೋವ್ಯಾಟ್ ಎಂದಿದ್ದಲ್ಲಿ 3 ಕಿಲೋವ್ಯಾಟ್ ಚಾರ್ಜಿಂಗ್‌ಗೆ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸಬೇಕು.

ಅರ್ಜಿಯನ್ನು ಸಂಬಂಧಿಸಿದ ಜೆಸ್ಕಾಂ ಉಪವಿಭಾಗ ಕಚೇರಿಗೆ ಸಲ್ಲಿಸುವುದು. ಅರ್ಜಿದಾರರು ಸ್ಥಾವರದ ಆರ್.ಆರ್. ಸಂಖ್ಯೆ, ಇತ್ತೀಚಿನ ಬಿಲ್ಲು, ಗುರುತಿನ ದಾಖಲೆ ಹಾಗೂ ಮನೆಯ ಮಾಲೀಕತ್ವದ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ಬಾಕಿ ಬಿಲ್ಲು ಇದ್ದಲ್ಲಿ ಮೊದಲು ಪಾವತಿಸುವುದು. ಬಾಡಿಗೆ ಮನೆಯಲ್ಲಿ ವಾಸಿಸುವವರು ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು. ಒಳಾಂಗಣ ವೈರಿಂಗ್ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಹೊರೆ ಹೆಚ್ಚಿದಂತೆ ನಿಗದಿತ ಶುಲ್ಕ ಹಾಗೂ ಭದ್ರತಾ ಠೇವಣಿಯೂ ಹೆಚ್ಚುತ್ತವೆ ಎಂಬುದನ್ನು ಗಮನಿಸುವುದು.

ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತರಲಾದ ತಿದ್ದುಪಡಿಯಂತೆ, ವಾಹನ ಚಾರ್ಜಿಂಗ್‌ಗಾಗಿ ಪ್ರತ್ಯೇಕ ಸಂಪರ್ಕ ಪಡೆಯಲು ಗ್ರಾಹಕರಿಗೆ ಅವಕಾಶವಿದೆ. ಪೂರ್ಣ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿದ ನಂತರ ಹೊಸ ಸಂಪರ್ಕ ನೀಡಲು ಪುರಸಭಾ ಪ್ರದೇಶಗಳಲ್ಲಿ 7 ದಿನ ಹಾಗೂ ಗ್ರಾಮೀಣ ಪ್ರದೇಶಗಳಲ್ಲಿ 15 ದಿನಗಳ ಕಾಲಮಿತಿಯನ್ನು ಅದೇ ತಿದ್ದುಪಡಿ ನಿಗದಿಪಡಿಸಿದೆ. ವಿದ್ಯುತ್ ಮಾರ್ಗ ವಿಸ್ತರಣೆ ಬೇಕಾದಲ್ಲಿ ಹೆಚ್ಚು ಸಮಯ ಹಿಡಿಯಬಹುದು. ಅರ್ಜಿಯ ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳುವುದು.

ಪ್ರಶ್ನೆ 4: ಕಾರು ಚಾರ್ಜ್ ಮಾಡಿದರೆ ಗೃಹಜ್ಯೋತಿ ಸೌಲಭ್ಯ ಮುಂದುವರಿಯುವುದೇ?

ಇದು ಅತ್ಯಂತ ಗಮನಿಸಬೇಕಾದ ವಿಷಯ. ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ, 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟನ್ನು ಸೇರಿಸಿ ಪ್ರತಿ ಮನೆಯ ಅರ್ಹ ಯೂನಿಟ್‌ಗಳನ್ನು ನಿಗದಿಪಡಿಸಲಾಯಿತು. ಕಡಿಮೆ ಬಳಕೆಯ ಮನೆಗಳಿಗೆ ಶೇ. 10ರ ಬದಲಾಗಿ 10 ಯೂನಿಟ್ ಸೇರಿಸಲು 2024ರಲ್ಲಿ ತೀರ್ಮಾನಿಸಲಾಯಿತು. ಅರ್ಹ ಯೂನಿಟ್ ಮೀರಿದ ಆದರೆ 200 ಯೂನಿಟ್ ಒಳಗಿನ ಬಳಕೆಗೆ, ಹೆಚ್ಚುವರಿ ಯೂನಿಟ್‌ಗಳ ಹಣವನ್ನು ಗ್ರಾಹಕರು ಪಾವತಿಸಬೇಕು. ತಿಂಗಳ ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ.

ಸರಾಸರಿ 70 ಯೂನಿಟ್ ಬಳಸುತ್ತಿದ್ದ ಕುಟುಂಬವೊಂದರ ಅರ್ಹ ಬಳಕೆ 77 ಯೂನಿಟ್. ಈ ಕುಟುಂಬದವರು ತಿಂಗಳಿಗೆ 20 ದಿನ, ದಿನಕ್ಕೆ 80 ಕಿ.ಮೀ. ಕಾರು ಓಡಿಸಿದಲ್ಲಿ ಕಾರಿಗೇ 260 ಯೂನಿಟ್ ಬೇಕಾಗುತ್ತದೆ. ಒಟ್ಟು ಬಳಕೆ 330 ಯೂನಿಟ್ ಆಗುವುದರಿಂದ ಆ ತಿಂಗಳು ಮನೆಯ 70 ಯೂನಿಟ್‌ಗೂ ಸೇರಿಸಿ ಹಣ ಪಾವತಿಸಬೇಕಾಗುತ್ತದೆ. ತಿಂಗಳಿಗೆ 8 ಬಾರಿ ಮಾತ್ರ ಓಡಿಸಿದಲ್ಲಿ ಒಟ್ಟು ಬಳಕೆ ಸುಮಾರು 174 ಯೂನಿಟ್ ಆಗುತ್ತದೆ. ಆಗ ಸುಮಾರು 97 ಯೂನಿಟ್‌ಗೆ ಮಾತ್ರ ಪಾವತಿಸಬೇಕಾಗುತ್ತದೆ. ಪ್ರತ್ಯೇಕ ಸಂಪರ್ಕ ಪಡೆದಲ್ಲಿ ವಾಹನದ ಬಳಕೆ ಮನೆಯ ಮೀಟರಿನಲ್ಲಿ ದಾಖಲಾಗುವುದಿಲ್ಲ. ಆದರೆ ಅದಕ್ಕೆ ಬೇರೆ ನಿಗದಿತ ಶುಲ್ಕವಿರುತ್ತದೆ. ಎರಡನ್ನೂ ಲೆಕ್ಕ ಹಾಕಿ, ಯಾವ ದರ ಅನ್ವಯಿಸುವುದೆಂದು ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ ತೀರ್ಮಾನಿಸುವುದು.

ಪ್ರಶ್ನೆ 5: ಹೊಲದ ಪಂಪ್‌ಸೆಟ್ ಸಂಪರ್ಕದಿಂದ ಕಾರು ಚಾರ್ಜ್ ಮಾಡಬಹುದೇ?

ಮಾಡುವಂತಿಲ್ಲ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಸರ್ಕಾರವು ಉಚಿತ ವಿದ್ಯುತ್ ನೀಡುತ್ತಿರುವುದು ನೀರಾವರಿಗಾಗಿ ಮಾತ್ರ. ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸುವುದನ್ನು ವಿದ್ಯುಚ್ಛಕ್ತಿ ಅಧಿನಿಯಮ, 2003ರ ಕಲಂ 126ರಡಿ ಅನಧಿಕೃತ ಬಳಕೆಯೆಂದು ಪರಿಗಣಿಸಿ, ಅನ್ವಯವಾಗುವ ದರದ ಎರಡರಷ್ಟು ವಿಧಿಸಲಾಗುತ್ತದೆ. ಅಲ್ಲದೆ ಕೃಷಿ ಮಾರ್ಗಗಳಲ್ಲಿ ವಿದ್ಯುತ್ ಪೂರೈಕೆಯು ನಿಗದಿತ ಅವಧಿಗೆ ಸೀಮಿತವಾಗಿದ್ದು, ವೋಲ್ಟೇಜ್ ಏರಿಳಿತವೂ ಇರುತ್ತದೆ. ಹೊಲದ ಮನೆಯಲ್ಲಿ ವಾಸಿಸುವವರು ಗೃಹಬಳಕೆಯ ಸಂಪರ್ಕ ಪಡೆದು, ದಿನಕ್ಕೆ ಎಷ್ಟು ಗಂಟೆ ವಿದ್ಯುತ್ ದೊರೆಯುವುದೆಂದು ಕೆಲವು ವಾರ ಗಮನಿಸಿದ ನಂತರವೇ ಕಾರು ಖರೀದಿಯ ಬಗ್ಗೆ ನಿರ್ಧರಿಸುವುದು ಸೂಕ್ತ.

ಪ್ರಶ್ನೆ 6: ಕೇಬಲ್ ಜೋಡಿಸಿದರೂ ಕಾರು ಚಾರ್ಜ್ ಆಗದಿರಲು ಕಾರಣವೇನು?

ಅನೇಕ ಸಂದರ್ಭಗಳಲ್ಲಿ ಕಾರಣವು ಕಾರಿನಲ್ಲಿರದೆ ಮನೆಯ ಅರ್ಥಿಂಗ್‌ನಲ್ಲಿರುತ್ತದೆ. ಅರ್ಥಿಂಗ್ ಇಲ್ಲದಿದ್ದಲ್ಲಿ ಅಥವಾ ದುರ್ಬಲವಾಗಿದ್ದಲ್ಲಿ ಚಾರ್ಜಿಂಗ್ ಕೇಬಲ್ ಸುರಕ್ಷತೆಯ ದೃಷ್ಟಿಯಿಂದ ವಿದ್ಯುತ್ ಹರಿಯಲು ಬಿಡುವುದಿಲ್ಲ. ಈ ಭಾಗದ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಆಗ ಮಣ್ಣು ಅರ್ಥಿಂಗ್ ಸರಳಿನಿಂದ ಬೇರ್ಪಟ್ಟು, ಮಳೆಗಾಲದಲ್ಲಿ ಸರಿಯಾಗಿದ್ದ ಅರ್ಥಿಂಗ್ ಬೇಸಿಗೆಯಲ್ಲಿ ಕೆಲಸ ಮಾಡದಿರಬಹುದು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನಿಯಮಿತವಾಗಿ ನೀರು ಹಾಕುವುದು ಹಾಗೂ ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸುವುದು ಅವಶ್ಯಕ.

ಕೆಲವರು ಚಾರ್ಜಿಂಗ್ ನಿಲ್ಲಬಾರದೆಂಬ ಕಾರಣಕ್ಕೆ ಸಾಕೆಟ್‌ನ ಅರ್ಥ್ ಪಿನ್ನನ್ನು ನ್ಯೂಟ್ರಲ್ ತಂತಿಗೆ ಜೋಡಿಸುತ್ತಾರೆ. ಇದು ಪ್ರಾಣಾಪಾಯಕಾರಿ. ನ್ಯೂಟ್ರಲ್ ತಂತಿ ಕಡಿದಲ್ಲಿ ಕಾರಿನ ಲೋಹದ ಮೈಗೆ ವಿದ್ಯುತ್ ಹರಿಯುವ ಸಂಭವವಿದ್ದು, ಕಾರನ್ನು ಮುಟ್ಟಿದ ಮಕ್ಕಳಿಗೆ, ದನಕರುಗಳಿಗೆ ಆಘಾತವಾಗಬಹುದು. ಇಂತಹ ಜೋಡಣೆಯನ್ನು ಯಾವ ಕಾರಣಕ್ಕೂ ಮಾಡಬಾರದು.

ಚಾರ್ಜಿಂಗ್ ಸಾಕೆಟ್ ಕುರಿತು ಪಾಲಿಸಬೇಕಾದ ಇತರ ಅಂಶಗಳು:

1. ಮೀಟರ್ ಬೋರ್ಡಿನಿಂದ ಸಾಕೆಟ್‌ವರೆಗೆ ಪ್ರತ್ಯೇಕ ತಾಮ್ರದ ತಂತಿ ಎಳೆಸುವುದು. 16 ಆಂಪಿಯರ್ ಸಾಕೆಟ್‌ಗೆ 4 ಚದರ ಮಿ.ಮೀ., 32 ಆಂಪಿಯರ್ ಚಾರ್ಜರ್‌ಗೆ ಕನಿಷ್ಠ 6 ಚದರ ಮಿ.ಮೀ. ತಂತಿ ಸೂಕ್ತ. ದೂರ ಹೆಚ್ಚಿದ್ದಲ್ಲಿ ಇನ್ನೂ ದಪ್ಪ ತಂತಿ ಬೇಕಾಗುತ್ತದೆ.
2. ಪ್ರತ್ಯೇಕ ಎಂ.ಸಿ.ಬಿ. ಹಾಗೂ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸುವುದು.
3. ಎಕ್ಸ್‌ಟೆನ್ಷನ್ ಬೋರ್ಡ್, ಗಂಟು ಹಾಕಿ ಜೋಡಿಸಿದ ತಂತಿ, ಸಡಿಲವಾದ ಸಾಕೆಟ್ ಬಳಸಬಾರದು. ಹಲವು ಗಂಟೆ ನಿರಂತರವಾಗಿ ವಿದ್ಯುತ್ ಹರಿಯುವುದರಿಂದ ಇವು ಕಾಯ್ದು ಕರಗುವ ಸಂಭವವಿದೆ.
4. ಸಾಕೆಟ್ ಅನ್ನು ಮೇವಿನ ಬಣವೆ, ಕಟ್ಟಿಗೆ ರಾಶಿ, ಸೀಮೆಎಣ್ಣೆ ಹಾಗೂ ಅಡುಗೆ ಅನಿಲದ ಸಿಲಿಂಡರ್‌ಗಳಿಂದ ದೂರವಿರುವಂತೆ ಅಳವಡಿಸುವುದು.

ಪ್ರಶ್ನೆ 7: ದಿನವೂ ಪೂರ್ಣ ಚಾರ್ಜ್ ಮಾಡಬೇಕೇ? ಬಿಸಿಲಿನಲ್ಲಿ ಹಾಗೂ ಮಳೆಯಲ್ಲಿ ಚಾರ್ಜ್ ಮಾಡಬಹುದೇ?

ಇದು ಬ್ಯಾಟರಿಯ ವಿಧವನ್ನು ಅವಲಂಬಿಸಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಕಾಲಕಾಲಕ್ಕೆ ಪೂರ್ಣ ಚಾರ್ಜ್ ಮಾಡುವಂತೆ ತಯಾರಕರು ಸೂಚಿಸುವುದುಂಟು. ನಿಕ್ಕಲ್ ಆಧಾರಿತ ಬ್ಯಾಟರಿಗಳಿಗೆ ದಿನನಿತ್ಯ ಶೇ. 80ರಷ್ಟು ಸಾಕೆಂದು ಸೂಚಿಸುವುದುಂಟು. ಕಾರಿನ ಕೈಪಿಡಿಯಲ್ಲಿನ ಸೂಚನೆಯೇ ಅಂತಿಮ. ಬಿಸಿಲಿನಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್ ಮಾಡುವ ಬದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ರಾತ್ರಿಯ ತಂಪಿನಲ್ಲಿ ಚಾರ್ಜ್ ಮಾಡುವುದರಿಂದ ಬ್ಯಾಟರಿಯ ಬಾಳಿಕೆ ಹೆಚ್ಚುತ್ತದೆ.

ಕಾರಿನ ಕನೆಕ್ಟರ್ ಮಳೆಹನಿ ತಡೆಯುವಂತೆ ರಚಿತವಾಗಿದ್ದರೂ ಮನೆಯ ಸಾಮಾನ್ಯ ಸಾಕೆಟ್ ಹಾಗಿರುವುದಿಲ್ಲ. ಅದು ಸೂರಿನ ಕೆಳಗೆ, ನೆಲದಿಂದ ಎತ್ತರದಲ್ಲಿರಬೇಕು. ಗುಡುಗು ಸಿಡಿಲಿನ ವೇಳೆ ಚಾರ್ಜಿಂಗ್ ನಿಲ್ಲಿಸುವುದು ಒಳಿತು. ಭೀಮಾ ನದಿ ತೀರದ ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಗ್ರಾಮಗಳು 2020ರ ಅಕ್ಟೋಬರ್‌ನಲ್ಲಿ ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಪ್ರವಾಹಕ್ಕೆ ತುತ್ತಾಗಿದ್ದವು. ಪ್ರವಾಹದ ಮುನ್ಸೂಚನೆ ಬಂದ ಕೂಡಲೇ ಕಾರನ್ನು ಎತ್ತರದ ಸ್ಥಳಕ್ಕೆ ಸಾಗಿಸುವುದು. ನೀರಿನಲ್ಲಿ ಮುಳುಗಿದ ಕಾರನ್ನು ಒಣಗಿದಂತೆ ಕಂಡರೂ ಚಾಲೂ ಮಾಡಬಾರದು, ಚಾರ್ಜ್ ಮಾಡಬಾರದು. ತಯಾರಕರ ಅಧಿಕೃತ ಸೇವಾ ಕೇಂದ್ರಕ್ಕೆ ತಿಳಿಸಿ, ಮನೆಯಿಂದ ದೂರ ನಿಲ್ಲಿಸುವುದು.

ಪ್ರಶ್ನೆ 8: ದೂರದ ಪ್ರಯಾಣಕ್ಕೆ ಏನು ಮಾಡಬೇಕು?

ಹೆದ್ದಾರಿಯ ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ಈಗಿನ ಬಹುತೇಕ ಕಾರುಗಳಿಗೆ ಸಿ.ಸಿ.ಎಸ್.-2 ಮಾದರಿಯ ಕನೆಕ್ಟರ್ ಹೊಂದುತ್ತದೆ. ಹಳೆಯ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವವರು ಕನೆಕ್ಟರ್ ಮಾದರಿಯನ್ನು ಪರಿಶೀಲಿಸದೆ ಖರೀದಿಸಬಾರದು. ಶೇ. 80ರ ನಂತರ ಬ್ಯಾಟರಿಯ ರಕ್ಷಣೆಗಾಗಿ ಚಾರ್ಜಿಂಗ್ ನಿಧಾನವಾಗುವುದರಿಂದ, ಮುಂದಿನ ಕೇಂದ್ರ ತಲುಪುವಷ್ಟು ಚಾರ್ಜ್ ಮಾಡಿಕೊಂಡು ಮುಂದುವರಿಯುವುದು ಸಮಯದ ಉಳಿತಾಯ. ಹೆದ್ದಾರಿಗಳಲ್ಲಿ ಪ್ರತಿ 20 ಕಿ.ಮೀ.ಗೆ ಒಂದು ಕೇಂದ್ರವಿರಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿಯ ಗುರಿ. ಎಲ್ಲ ರಸ್ತೆಗಳಲ್ಲಿಯೂ ಇದೆಯೆಂದು ಭಾವಿಸಬಾರದು. ಸೊಲ್ಲಾಪುರ ಅಥವಾ ಹೈದರಾಬಾದ್ ಕಡೆಗೆ ಹೊರಡುವವರು ಮಾರ್ಗದಲ್ಲಿನ ಎರಡು ಕೇಂದ್ರಗಳನ್ನಾದರೂ ಗುರುತಿಸಿ, ಅವು ಕಾರ್ಯನಿರತವಾಗಿವೆಯೇ ಎಂದು ಖಚಿತಪಡಿಸಿಕೊಳ್ಳುವುದು.

ಭಾಗ 2: ಟೈರುಗಳು

ಪ್ರಶ್ನೆ 9: ವಿದ್ಯುತ್ ಕಾರಿನ ಟೈರುಗಳು ಬೇಗ ಸವೆಯುತ್ತವೆಯೇ?

ಸಾಮಾನ್ಯವಾಗಿ ಬೇಗ ಸವೆಯುತ್ತವೆ. ಬ್ಯಾಟರಿಯ ಕಾರಣದಿಂದ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ತೂಕ ಹೆಚ್ಚು. ಮೋಟಾರಿನ ಪೂರ್ಣ ಬಲವು ಆರಂಭದಲ್ಲಿಯೇ ಗಾಲಿಗಳಿಗೆ ತಲುಪುವುದರಿಂದ ಟೈರು ರಸ್ತೆಯನ್ನು ಉಜ್ಜುತ್ತದೆ. ವೇಗವನ್ನು ನಿಧಾನವಾಗಿ ಹೆಚ್ಚಿಸುವುದು ಟೈರಿನ ಬಾಳಿಕೆಗೂ ಬ್ಯಾಟರಿಗೂ ಹಿತಕರ. ಕೈಪಿಡಿಯಲ್ಲಿ ಸೂಚಿಸಿದ ಅಂತರಕ್ಕೊಮ್ಮೆ ಮುಂದಿನ ಹಾಗೂ ಹಿಂದಿನ ಟೈರುಗಳನ್ನು ಅದಲುಬದಲು ಮಾಡಿಸುವುದು.

ಪ್ರಶ್ನೆ 10: ಗಾಳಿ ಎಷ್ಟಿರಬೇಕು?

ಚಾಲಕರ ಬಾಗಿಲಿನ ಬಳಿ ಅಂಟಿಸಿರುವ ಪಟ್ಟಿಯಲ್ಲಿ ನಮೂದಿಸಿದಷ್ಟು ಇರಬೇಕು. ಇತರ ಕಾರುಗಳ ಅಳತೆಯನ್ನು ಅನುಸರಿಸಬಾರದು. ಬೆಳಿಗ್ಗೆ, ಟೈರು ತಣ್ಣಗಿರುವಾಗ ಪರೀಕ್ಷಿಸುವುದು. ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಅದನ್ನು ಕಂಡು ಗಾಳಿ ಬಿಡಬಾರದು. ಹಾಗೆ ಬಿಟ್ಟಲ್ಲಿ ಟೈರು ತಣ್ಣಗಾದ ಮೇಲೆ ಗಾಳಿ ಕಡಿಮೆಯಾಗಿ, ಮತ್ತೆ ಓಡುವಾಗ ಟೈರಿನ ಬದಿ ಹೆಚ್ಚು ಬಾಗಿ ಕಾಯ್ದು ಸಿಡಿಯುವ ಅಪಾಯವಿದೆ. ಗಾಳಿ ಕಡಿಮೆಯಿದ್ದಲ್ಲಿ ಕಾರು ಚಲಿಸುವ ಅಂತರವೂ ಕಡಿಮೆಯಾಗುತ್ತದೆ.

ಪ್ರಶ್ನೆ 11: ಹೊಸ ಟೈರು ಕೊಳ್ಳುವಾಗ ಏನನ್ನು ನೋಡಬೇಕು?

ಟೈರಿನ ಬದಿಯಲ್ಲಿ 215/60 ಆರ್ 16 95 ಎಚ್ ಎಂಬಂತಹ ಬರಹವಿರುತ್ತದೆ. ಇದರಲ್ಲಿ 215 ಎಂಬುದು ಮಿ.ಮೀ.ಗಳಲ್ಲಿ ಅಗಲ, 16 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. 95 ಎಂಬುದು ಭಾರದ ಸೂಚ್ಯಂಕವಾಗಿದ್ದು, ಆ ಟೈರು 690 ಕಿ.ಗ್ರಾಂ. ಹೊರಬಲ್ಲದೆಂದು ಅರ್ಥ. ಸೂಚ್ಯಂಕ 91 ಇದ್ದಲ್ಲಿ 615 ಕಿ.ಗ್ರಾಂ. ಮಾತ್ರ. ಕಡಿಮೆ ಬೆಲೆಗೆ ದೊರೆಯುತ್ತದೆಂದು ಕಾರಿಗೆ ಸೂಚಿಸಿದ್ದಕ್ಕಿಂತ ಕಡಿಮೆ ಸೂಚ್ಯಂಕದ ಟೈರು ಹಾಕಿಸಬಾರದು. ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ಕಾಲವನ್ನು ತಿಳಿಸುತ್ತವೆ: 2325 ಎಂದರೆ 2025ರ 23ನೇ ವಾರ. ಐ.ಎಸ್.ಐ. ಗುರುತು ಇರುವುದನ್ನು ಖಚಿತಪಡಿಸಿಕೊಂಡು ರಸೀದಿ ಪಡೆಯುವುದು. ಹಳೆಯ ಟೈರಿನ ಮೇಲ್ಮೈಯ ಗೆರೆಗಳ ಆಳವು 1.6 ಮಿ.ಮೀ.ಗಿಂತ ಕಡಿಮೆಯಾದಲ್ಲಿ ಬದಲಾಯಿಸತಕ್ಕದ್ದು.

ಪ್ರಶ್ನೆ 12: ಕಾರಿನಲ್ಲಿ ಹೆಚ್ಚುವರಿ ಗಾಲಿ ಇಲ್ಲದಿದ್ದಲ್ಲಿ ಪಂಕ್ಚರ್ ಆದಾಗ ಏನು ಮಾಡಬೇಕು?

2020ರಲ್ಲಿ ಆದ ನಿಯಮಗಳ ತಿದ್ದುಪಡಿಯಂತೆ, ಟೈರಿನ ಒತ್ತಡ ತೋರಿಸುವ ವ್ಯವಸ್ಥೆ ಹಾಗೂ ಪಂಕ್ಚರ್ ದುರಸ್ತಿ ಕಿಟ್ ಒದಗಿಸಿದ ಕಾರುಗಳಿಗೆ ಹೆಚ್ಚುವರಿ ಗಾಲಿ ಕಡ್ಡಾಯವಿಲ್ಲ. ಅನೇಕ ವಿದ್ಯುತ್ ಕಾರುಗಳಲ್ಲಿ ಅದು ಇರುವುದಿಲ್ಲ. ಈ ಭಾಗದ ಹೊಲದ ದಾರಿಗಳಲ್ಲಿ ಜಾಲಿ ಮುಳ್ಳು ಹಾಗೂ ಕೊಯ್ಲಿನ ನಂತರ ಉಳಿಯುವ ತೊಗರಿಯ ಚೂಪಾದ ಬುಡಗಳಿಂದ ಟೈರಿಗೆ ತೂತಾಗುವುದು ಸಾಮಾನ್ಯ. ಕಿಟ್‌ನ ದ್ರಾವಣವು ಚಿಕ್ಕ ತೂತನ್ನು ಮಾತ್ರ ಮುಚ್ಚುತ್ತದೆ. ಟೈರಿನ ಬದಿ ಹರಿದಲ್ಲಿ ಉಪಯೋಗವಾಗುವುದಿಲ್ಲ. ಗ್ರಾಮೀಣ ಪ್ರದೇಶದ ಖರೀದಿದಾರರು ಹೆಚ್ಚುವರಿ ಗಾಲಿ ದೊರೆಯುವುದೇ ಎಂದು ಖರೀದಿಗೆ ಮೊದಲೇ ವಿಚಾರಿಸುವುದು.

ಪಂಕ್ಚರ್ ಅಂಗಡಿಯಲ್ಲಿ ಜಾಕ್ ಹಾಕುವಾಗ ವಿಶೇಷ ಎಚ್ಚರಿಕೆ ಅವಶ್ಯಕ. ಹೆಚ್ಚಿನ ವಿದ್ಯುತ್ ಕಾರುಗಳ ಬ್ಯಾಟರಿಯು ನೆಲಹಾಸಿನ ಕೆಳಗಿರುತ್ತದೆ. ಕೈಪಿಡಿಯಲ್ಲಿ ಗುರುತಿಸಿದ ಸ್ಥಳಗಳನ್ನು ಬಿಟ್ಟು ನಡುವೆ ಜಾಕ್ ಇಟ್ಟಲ್ಲಿ ಬ್ಯಾಟರಿಯ ಹೊದಿಕೆ ಜಜ್ಜಿ, ಬೆಂಕಿಯ ಅಪಾಯ ಹಾಗೂ ಲಕ್ಷಾಂತರ ರೂಪಾಯಿಗಳ ನಷ್ಟ ಉಂಟಾಗಬಹುದು. ಮಾಲೀಕರು ಸ್ವತಃ ನಿಂತು ಜಾಕ್ ಇಡುವ ಸ್ಥಳವನ್ನು ತೋರಿಸುವುದು. ಕಾರು ಕೆಟ್ಟು ನಿಂತಲ್ಲಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬಾರದು. ಗಾಲಿಗಳು ತಿರುಗಿದರೆ ಮೋಟಾರಿನಲ್ಲಿ ವಿದ್ಯುತ್ ಉತ್ಪಾದನೆಯಾಗಿ ಹಾನಿಯಾಗಬಹುದು. ಕಾರನ್ನು ವಾಹನದ ಮೇಲೇರಿಸಿಯೇ ಸಾಗಿಸುವುದು.

ಭಾಗ 3: ನೋಂದಣಿ, ತೆರಿಗೆ ಹಾಗೂ ವಿಮೆ

1. ನೋಂದಣಿಯನ್ನು ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯಲ್ಲಿ ಮಾಡಲಾಗುತ್ತದೆ. ಸ್ವಂತ ಬಳಕೆಯ ವಿದ್ಯುತ್ ಕಾರಿಗೆ ಹಸಿರು ಫಲಕದ ಮೇಲೆ ಬಿಳಿ ಅಕ್ಷರ, ಬಾಡಿಗೆ ಕಾರಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ ಇರತಕ್ಕದ್ದು.
2. ಬ್ಯಾಟರಿ ಚಾಲಿತ ವಾಹನಗಳಿಗೆ ನೋಂದಣಿ ಪತ್ರದ ಶುಲ್ಕದಿಂದ 2021ರಲ್ಲಿ ಕೇಂದ್ರ ಸರ್ಕಾರವು ವಿನಾಯಿತಿ ನೀಡಿದೆ.
3. ಜೀವಾವಧಿ ತೆರಿಗೆಯು ಇದಕ್ಕಿಂತ ಬೇರೆ. ರಾಜ್ಯದಲ್ಲಿ ಮೊದಲು ಪೂರ್ಣ ವಿನಾಯಿತಿ ಇದ್ದು, 2024ರಲ್ಲಿ ರೂ. 25 ಲಕ್ಷ ಮೀರಿದ ಕಾರುಗಳಿಗೆ ತೆರಿಗೆ ವಿಧಿಸಲಾಯಿತು. ದರಗಳು ಬದಲಾಗುವುದರಿಂದ ಖರೀದಿಯ ದಿನದ ದರವನ್ನು ಸಾರಿಗೆ ಕಚೇರಿಯಲ್ಲಿಯೇ ಖಚಿತಪಡಿಸಿಕೊಳ್ಳುವುದು.
4. ಸ್ವಂತ ಬಳಕೆಯ ವಿದ್ಯುತ್ ಕಾರುಗಳ ಮೂರನೆಯ ವ್ಯಕ್ತಿ ವಿಮೆಯ ಕಂತಿನಲ್ಲಿ ಶೇ. 15ರ ರಿಯಾಯಿತಿಯನ್ನು 2022ರಲ್ಲಿ ಪ್ರಕಟಿಸಲಾಗಿದೆ. ಪ್ರವಾಹದ ಹಾನಿ ಹಾಗೂ ಬ್ಯಾಟರಿಯ ಹಾನಿ ವಿಮೆಯಲ್ಲಿ ಸೇರಿದೆಯೇ ಎಂದು ವಿಚಾರಿಸುವುದು.
5. ಆದಾಯ ತೆರಿಗೆಯ ಕಲಂ 80ಇಇಬಿ ಅಡಿ ಸಾಲದ ಬಡ್ಡಿಗಿದ್ದ ವಿನಾಯಿತಿಯು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2024ರಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯ ಸಹಾಯಧನವು ಸ್ವಂತ ಕಾರುಗಳಿಗೆ ಇರುವುದಿಲ್ಲ. ಇವುಗಳನ್ನು ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದು.

ಖರೀದಿಗೆ ಮುನ್ನ ಪರಿಶೀಲನಾ ಪಟ್ಟಿ

1. ಮನೆಯ ಮಂಜೂರಾದ ಹೊರೆ ಸಾಕಷ್ಟಿದೆಯೇ?
2. ಅರ್ಥಿಂಗ್ ಪರೀಕ್ಷೆ ಆಗಿದೆಯೇ?
3. ತಿಂಗಳ ಓಟದ ಲೆಕ್ಕದಲ್ಲಿ ಗೃಹಜ್ಯೋತಿ ಮಿತಿ ಮೀರುವುದೇ?
4. ಬ್ಯಾಟರಿಯ ಖಾತರಿ ಎಷ್ಟು ವರ್ಷ, ಎಷ್ಟು ಕಿ.ಮೀ., ಯಾವ ಷರತ್ತುಗಳಿಗೆ ಒಳಪಟ್ಟಿದೆ ಎಂಬುದು ಲಿಖಿತದಲ್ಲಿದೆಯೇ?
5. ಹತ್ತಿರದ ಅಧಿಕೃತ ಸೇವಾ ಕೇಂದ್ರ ಎಲ್ಲಿದೆ?
6. ಹೆಚ್ಚುವರಿ ಗಾಲಿ ಇದೆಯೇ?

ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ದೂರುಗಳಿಗೆ 1912, ಬೆಂಕಿ ಹಾಗೂ ಇತರ ತುರ್ತು ಸಂದರ್ಭಗಳಿಗೆ 112 ಸಂಖ್ಯೆಗೆ ಕರೆ ಮಾಡುವುದು. ಕಾರಿನಿಂದ ಹೊಗೆ ಕಂಡುಬಂದಲ್ಲಿ ಸಾಧ್ಯವಾದರೆ ಮುಖ್ಯ ಸ್ವಿಚ್ ಆರಿಸಿ, ಎಲ್ಲರೂ ದೂರ ಸರಿದು ಅಗ್ನಿಶಾಮಕ ದಳಕ್ಕೆ ಇದು ವಿದ್ಯುತ್ ಕಾರು ಎಂದು ಸ್ಪಷ್ಟವಾಗಿ ತಿಳಿಸುವುದು. ಹೆಚ್ಚಿನ ವಿವರಗಳಿಗೆ ಸಂಬಂಧಿಸಿದ ಜೆಸ್ಕಾಂ ಉಪವಿಭಾಗ ಕಚೇರಿಯನ್ನು ಹಾಗೂ ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.